ಉಪಗ್ರಹಕ್ಕೆ ಕಾಣದ್ದನ್ನು ಹುಡುಕಿ ಬರುವವರು

2008ರ ಏಪ್ರಿಲ್‌ನಲ್ಲಿ ಒಬ್ಬ ಅಮೆರಿಕನ್ ಪ್ರವಾಸಿ ಮುಂಬೈ ಬಂದರಿನ ಸುತ್ತ ಕೆಲವು ಸಲ ದೋಣಿಯಲ್ಲಿ ತಿರುಗಾಡಿದ. ಕೈಯಲ್ಲಿ ಪುಟ್ಟದೊಂದು ಜಿಪಿಎಸ್ ಇತ್ತು. ದೋಣಿ ತಾಗಿಸಬಹುದಾದ ದಡ ಕಂಡಾಗ ಗುಂಡಿ ಒತ್ತಿ ಆ ಜಾಗವನ್ನು ಅದರಲ್ಲಿ ಉಳಿಸಿಕೊಂಡ. ನೋಡಿದವರಿಗೆ ಅನುಮಾನ ಬರುವಂಥದ್ದೇನೂ ಅದರಲ್ಲಿರಲಿಲ್ಲ. ಗೇಟ್‌ವೇ ಬಳಿ ದಿನಾ ಎಷ್ಟು ಜನ ದೋಣಿ ಹತ್ತುವುದಿಲ್ಲ! ಆತನ ಹೆಸರು ಡೇವಿಡ್ ಹೆಡ್ಲಿ. ಆ ಜಿಪಿಎಸ್ ಪಾಕಿಸ್ತಾನದಲ್ಲಿ ಲಷ್ಕರ್‌ನವರ ಕೈ ಸೇರಿತು. ಅದೇ ವರ್ಷ ನವೆಂಬರ್ 26ರ ರಾತ್ರಿ 10 ಜನ ರಬ್ಬರ್ ದೋಣಿಯಲ್ಲಿ ಬಂದು ದಕ್ಷಿಣ ಮುಂಬೈನ ಮೀನುಗಾರರ ಕಾಲೊನಿಯ ದಡದಲ್ಲಿ ಇಳಿದರು. ಮುಂದಿನದು ಎಲ್ಲರಿಗೂ ಗೊತ್ತು. 166 ಜನ ಸತ್ತರು.

ಮುಂಬೈ ಕರಾವಳಿಯ ಉಪಗ್ರಹ ಚಿತ್ರ ಆಗಲೇ ಗೂಗಲ್ ಅರ್ಥ್‌ನಲ್ಲಿ ಪುಕ್ಕಟೆ ಸಿಗುತ್ತಿತ್ತು. ದಾಳಿಯ ತಯಾರಿಗೆ ಅದನ್ನೂ ಬಳಸಿದ್ದರು. ಹಾಗಿದ್ದ ಮೇಲೆ ಒಬ್ಬ ಮನುಷ್ಯನನ್ನು ಯಾಕೆ ಕಳಿಸಬೇಕಾಯಿತು? ದಡ ಎಲ್ಲಿದೆ ಅಂತ ಚಿತ್ರ ತೋರಿಸುತ್ತದೆ. ಅಲ್ಲಿ ನೀರು ಎಷ್ಟು ಆಳ, ದೋಣಿಗೆ ತಾಗುವ ಬಂಡೆ ಇದೆಯಾ, ಕತ್ತಲಾದ ಮೇಲೆ ಅಲ್ಲಿ ಯಾರು ಕೂತಿರುತ್ತಾರೆ, ಟ್ಯಾಕ್ಸಿ ಸಿಗಬೇಕಾದರೆ ಎಷ್ಟು ದೂರ ನಡೆಯಬೇಕು, ಇದನ್ನೆಲ್ಲ ತೋರಿಸುವುದಿಲ್ಲ. ಹೆಡ್ಲಿ ತಂದುಕೊಟ್ಟದ್ದು ಈ ಎರಡನೇ ಬಗೆಯ ಮಾಹಿತಿ. ಐಎಸ್‌ಐ ಅಧಿಕಾರಿಯೊಬ್ಬ ತನಗೆ ಹಣ ಕೊಟ್ಟು ಕೆಲಸ ಹೇಳುತ್ತಿದ್ದ ಎಂದು ಅವನೇ ಅಮೆರಿಕದ ಕೋರ್ಟಿನಲ್ಲಿ ಸಾಕ್ಷಿ ನುಡಿದ. 2013ರಲ್ಲಿ ಅವನಿಗೆ 35 ವರ್ಷ ಜೈಲಾಯಿತು.

ಬೇರೆ ದೇಶದ ಸರ್ಕಾರ ನಮ್ಮ ನೆಲದ ನಕ್ಷೆ ಮಾಡಿಕೊಳ್ಳುತ್ತಿದೆ ಎಂದಾಗ ನಮಗೆ ಮೊದಲು ನೆನಪಾಗುವುದು ಆಕಾಶದಿಂದ ಇಣುಕುವ ಉಪಗ್ರಹ. ಆದರೆ ಆಕಾಶದಿಂದ ಕಾಣುವುದೆಲ್ಲ ಎಂದೋ ಬಯಲಾಗಿದೆ. ದುಡ್ಡು ಕೊಟ್ಟರೆ 30 ಸೆಂಟಿಮೀಟರ್ ವಿವರದ ಚಿತ್ರವನ್ನು ಖಾಸಗಿ ಕಂಪನಿಗಳೇ ಮಾರುತ್ತವೆ. ಕಾರವಾರದ ಕದಂಬ ನೌಕಾನೆಲೆಯ ಕಟ್ಟೆ, ಬೆಂಗಳೂರಿನ ಎಚ್‌ಎಎಲ್ ರನ್‌ವೇ, ಯಾವುದಕ್ಕೂ ಪರದೆ ಹಾಕಲಾಗುವುದಿಲ್ಲ. ಈಗ ಬೆಲೆ ಇರುವುದು ಆಕಾಶಕ್ಕೆ ಕಾಣದ್ದಕ್ಕೆ. ನಮ್ಮ ದೇಶ ಎಷ್ಟೋ ವರ್ಷ ಕಾವಲು ಕಾದದ್ದು ಮಾತ್ರ ಕಾಣುವುದಕ್ಕೇ. ನನ್ನ ತಕರಾರು ಇಷ್ಟೇ.

ಹಳೆಯ ಕಥೆ ಸ್ವಲ್ಪ ನೋಡಿ. ಸರ್ವೆ ಆಫ್ ಇಂಡಿಯಾ ಶುರುವಾದದ್ದು 1767ರಲ್ಲಿ. ಅದು ಮಾಡಿದ ಒಳ್ಳೆಯ ನಕ್ಷೆಗಳು ಸ್ವಾತಂತ್ರ್ಯ ಬಂದ ಮೇಲೂ ಬೀಗದೊಳಗೇ ಉಳಿದವು. ಗಡಿ ಮತ್ತು ಕರಾವಳಿಯ ಉದ್ದಕ್ಕೂ ಅಗಲವಾದ ಪಟ್ಟಿಯೊಂದನ್ನು ನಿರ್ಬಂಧಿತ ಎಂದು ಗುರುತಿಸಿದ್ದರು. ಅಂದರೆ ಉಡುಪಿ, ಮಂಗಳೂರಿನ ಭೂಗೋಳದ ವಿದ್ಯಾರ್ಥಿ ತನ್ನದೇ ಊರಿನ ಟೋಪೋಶೀಟ್, ಅಂದರೆ ಬೆಟ್ಟ, ಹೊಳೆ, ದಾರಿಗಳ ವಿವರವಾದ ನಕ್ಷೆ, ನೋಡಬೇಕಾದರೂ ಅರ್ಜಿ, ಸಹಿ, ಮೊಹರು ಎಂದು ಅಲೆಯಬೇಕಿತ್ತು. ಅದೇ ಹೊತ್ತಿಗೆ ಅಮೆರಿಕದ ಸೇನೆ 1950ರ ದಶಕದಲ್ಲಿ ಮಾಡಿಕೊಂಡಿದ್ದ ಭಾರತದ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತಿದ್ದವು. ಯು502 ಅಂತ ಆ ಸರಣಿಯ ಹೆಸರು. ಹಿಮಾಲಯಕ್ಕೆ ಚಾರಣ ಹೋಗುವವರು ಅದನ್ನೇ ಪ್ರಿಂಟ್ ಹಾಕಿಸಿಕೊಂಡು ಹೋಗುತ್ತಿದ್ದರು. ನಮ್ಮ ಬೆಟ್ಟ ಹತ್ತಲು ಅಮೆರಿಕದ ಸೇನೆಯ ನಕ್ಷೆ!

2005ರಲ್ಲಿ ನೀತಿ ಸ್ವಲ್ಪ ಸಡಿಲವಾಯಿತು. ರಕ್ಷಣೆಗೆ ಒಂದು ಸರಣಿ, ಜನರಿಗೆ ಇನ್ನೊಂದು ಸರಣಿ ಅಂತ ಮಾಡಿದರು. ಅದೇ ವರ್ಷ ಗೂಗಲ್ ಅರ್ಥ್ ಬಂತು. ಹೀಗೆ ಎಲ್ಲರ ಕೈಗೂ ಚಿತ್ರ ಸಿಗುವುದು ಅಪಾಯ ಎಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಹೈದರಾಬಾದಿನಲ್ಲಿ ಪೊಲೀಸ್ ಅಧಿಕಾರಿಗಳ ಮುಂದೆ ಎಚ್ಚರಿಸಿದರು. ಅವರ ಆತಂಕ ಸುಳ್ಳಾಗಲಿಲ್ಲ. ಆದರೆ ಕಿಟಕಿ ಆಗಲೇ ತೆರೆದುಕೊಂಡಿತ್ತು. ಮತ್ತೆ 2017ರಲ್ಲಿ ಸರ್ವೆ ಆಫ್ ಇಂಡಿಯಾ ಜನರಿಗಾಗಿ ಒಂದು ಪೋರ್ಟಲ್ ತೆರೆಯಿತು. ಹೆಸರು 'ನಕ್ಷೆ'. ಅಪ್ಪಟ ಕನ್ನಡದ ಹಾಗೆ ಕೇಳುವ ಹೆಸರು ಅಂತ ಖುಷಿಪಟ್ಟು ಒಳಗೆ ಹೋದರೆ ಡೌನ್‌ಲೋಡ್ ಮಾಡಲು ಆಧಾರ್ ನಂಬರ್ ಕೇಳುತ್ತಿತ್ತು. ಪಕ್ಕದ ದೇಶದ ಗೂಢಚಾರನಿಗೆ ಆಧಾರ್ ಇಲ್ಲದೆ ಬಹಳ ಕಷ್ಟವಾಗಿರಬೇಕು ಪಾಪ.

ಕಾಣದ್ದಕ್ಕೆ ಬೆಲೆ ಕಟ್ಟುವುದನ್ನು ಚೆನ್ನಾಗಿ ಅರಿತಿದ್ದವರು ಸೋವಿಯತ್ ಸೇನೆಯವರು. ಶೀತಲ ಸಮರದ ಕಾಲದಲ್ಲಿ ಅವರು ಇಡೀ ಜಗತ್ತಿನ ನಕ್ಷೆ ಮಾಡಿಟ್ಟಿದ್ದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಲಾಟ್ವಿಯಾದ ಸೇನಾ ಉಗ್ರಾಣದಿಂದ ಟನ್‌ಗಟ್ಟಲೆ ಕಾಗದ ಹೊರಬಿದ್ದಾಗ ಜಗತ್ತಿಗೆ ಅದರ ಗಾತ್ರ ತಿಳಿಯಿತು. ಆ ನಕ್ಷೆಗಳಲ್ಲಿ ಸೇತುವೆಯ ಪಕ್ಕ ಪುಟ್ಟ ಅಂಕಿಗಳಿರುತ್ತವೆ. ಸೇತುವೆ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಟನ್ ತಡೆಯುತ್ತದೆ. ನದಿಯ ಪಕ್ಕ ಆಳ, ಹರಿವಿನ ವೇಗ, ತಳ ಮರಳೋ ಕಲ್ಲೋ. ಕಾಡಿನ ಮೇಲೆ ಮರಗಳ ಎತ್ತರ, ಕಾಂಡದ ದಪ್ಪ, ಮರದಿಂದ ಮರಕ್ಕೆ ಎಷ್ಟು ಅಂತರ. ಮರಗಳ ಅಂತರ ಯಾಕೆ ಬೇಕು ಅಂತ ಯೋಚಿಸಿ. ನಡುವೆ ಟ್ಯಾಂಕ್ ನುಗ್ಗಿಸಬಹುದಾ ಎಂಬ ಲೆಕ್ಕ ಅದು. ಸೇತುವೆ ಎಷ್ಟು ಟನ್ ತಡೆಯುತ್ತದೆ ಎಂಬುದು ಮೇಲಿನಿಂದ ತೆಗೆದ ಫೋಟೋದಲ್ಲಿ ಬರೆದಿರುವುದಿಲ್ಲ. ಕೆಳಗೆ ಯಾರೋ ಓಡಾಡಿ ತಿಳಿದಿರಬೇಕು, ಇಲ್ಲ ಆಯಾ ದೇಶದ ಪುಸ್ತಕ, ನಕ್ಷೆಗಳಿಂದ ಹೆಕ್ಕಿರಬೇಕು.

ಮೈಸೂರಿನವರಿಗೆ ಇದು ಹೊಸದಲ್ಲ. ಟಿಪ್ಪು ಸುಲ್ತಾನ್ 1799ರ ಮೇ 4ರಂದು ಸತ್ತ. ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಆಜ್ಞೆಯಂತೆ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ. ಯಾವ ಊರಿನ ಮಣ್ಣು ಹೇಗೆ, ಕೆರೆ ಎಷ್ಟು, ಕೂಲಿ ಎಷ್ಟು, ಕಬ್ಬಿಣ ಎಲ್ಲಿ ಕಾಯಿಸುತ್ತಾರೆ, ಎಲ್ಲವನ್ನೂ ಬರೆದುಕೊಂಡ. ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೆಗೆ ಇಳಿದ. ವಿಲಿಯಂ ಲ್ಯಾಂಬ್ಟನ್ 1800ರ ಕೊನೆಗೆ ಬೆಂಗಳೂರಿನ ಬಯಲಿನಲ್ಲಿ ಏಳು ಮೈಲಿಗೂ ಉದ್ದದ ಗೆರೆಯನ್ನು ಸರಪಳಿ ಹಿಡಿದು ಅಳೆದ. ಅವನ ಸರಪಳಿಯದೇ ಒಂದು ಕಥೆ. ಚೀನಾದ ಚಕ್ರವರ್ತಿಗೆ ಕಾಣಿಕೆ ಕೊಡಲೆಂದು ಇಂಗ್ಲೆಂಡಿನಿಂದ ಹೊತ್ತು ತಂದದ್ದು ಅದು. ಚಕ್ರವರ್ತಿ ಬೇಡ ಅಂದ. ಕೊನೆಗೆ ಲ್ಯಾಂಬ್ಟನ್ ಕೈಗೆ ಬಂತು.

ಇನ್ನೊಂದು ಕಡೆ ನಾವೇ ಕದ್ದವರು. ಟಿಬೆಟ್ ಹೊರಗಿನವರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಕುಮಾವೂಂನ ನೈನ್ ಸಿಂಗ್ ರಾವತ್ ಬ್ರಿಟಿಷರ ಸರ್ವೆಗಾಗಿ ಯಾತ್ರಿಕನ ವೇಷದಲ್ಲಿ ನಡೆದು 1866ರ ಜನವರಿಯಲ್ಲಿ ಲ್ಹಾಸಾ ತಲುಪಿದ. ಜಪಮಾಲೆಯಲ್ಲಿ 108ರ ಬದಲು 100 ಮಣಿ. ನೂರು ಹೆಜ್ಜೆಗೆ ಒಂದು ಮಣಿ ಸರಿಸುತ್ತಿದ್ದ. ಟಿಪ್ಪಣಿಗಳನ್ನು ಪ್ರಾರ್ಥನಾ ಚಕ್ರದೊಳಗೆ ಅಡಗಿಸಿಡುತ್ತಿದ್ದ. ನೀರು ಕುದಿಯುವ ಉಷ್ಣಾಂಶ ನೋಡಿ ಊರಿನ ಎತ್ತರ ಲೆಕ್ಕ ಹಾಕುತ್ತಿದ್ದ. ಅವನ ಸಾಹಸಕ್ಕೆ ಕೈ ಮುಗಿಯಬೇಕು ನಿಜ. ಆದರೆ ಟಿಬೆಟ್ ಕಡೆಯಿಂದ ನೋಡಿದರೆ ಅವನು ಯಾರು? 1904ರಲ್ಲಿ ಬ್ರಿಟಿಷ್ ಸೇನೆ ಲ್ಹಾಸಾಗೆ ನುಗ್ಗಿತು.

ಇವತ್ತು ಈ ಆಟ ಜಾಸ್ತಿ ನಡೆಯುತ್ತಿರುವುದು ಸಮುದ್ರದಲ್ಲಿ.

ಉಪಗ್ರಹದ ಕ್ಯಾಮೆರಾಕ್ಕೆ ನೀರಿನೊಳಗೆ ಕೆಲವು ಮೀಟರ್ ಆಚೆ ಏನೂ ಕಾಣುವುದಿಲ್ಲ. ಸಬ್‌ಮರೀನ್ ಇನ್ನೂ ಬಚ್ಚಿಟ್ಟುಕೊಳ್ಳಲು ಸಾಧ್ಯವಾಗಿರುವುದೇ ಇದರಿಂದ. ಅದನ್ನು ಹುಡುಕಲು ಇರುವ ಮುಖ್ಯ ದಾರಿ ಶಬ್ದ. ಆದರೆ ನೀರಿನಲ್ಲಿ ಶಬ್ದ ನೇರವಾಗಿ ಹೋಗುವುದಿಲ್ಲ. ಮೇಲೆ ಬಿಸಿಲಿಗೆ ಕಾದ ನೀರು, ಕೆಳಗೆ ತಣ್ಣನೆಯ ನೀರು. ಎರಡೂ ಸೇರುವ ಪದರದಲ್ಲಿ ಶಬ್ದ ಬಾಗುತ್ತದೆ. ಆ ಪದರದ ಅಡಿಯಲ್ಲಿ ಸುಮ್ನೆ ನಿಂತ ಸಬ್‌ಮರೀನಿನ ಸದ್ದು ಮೇಲಿರುವ ಹಡಗಿಗೆ ಸರಿಯಾಗಿ ಕೇಳುವುದಿಲ್ಲ. ತಳ ಕೆಸರಾಗಿದ್ದರೆ ಶಬ್ದವನ್ನು ನುಂಗುತ್ತದೆ, ಬಂಡೆಯಾಗಿದ್ದರೆ ವಾಪಸ್ ಎಸೆಯುತ್ತದೆ. ಉಪ್ಪಿನಂಶ ಬದಲಾದರೂ ಲೆಕ್ಕ ಬದಲಾಗುತ್ತದೆ. ಮುಂಗಾರಿಗೆ ಮುಂಚೆ ಒಂದು ಥರ, ಆಮೇಲೆ ಇನ್ನೊಂದು ಥರ. ಹಾಗಾಗಿ ಒಂದು ಸಲ ಬಂದು ಅಳೆದರೆ ಸಾಲದು. ಬೇರೆ ಬೇರೆ ಕಾಲದಲ್ಲಿ, ಅದೇ ಜಾಗಕ್ಕೆ, ಮತ್ತೆ ಮತ್ತೆ ಬರಬೇಕು.

ಚೀನಾದ ಸಂಶೋಧನಾ ಹಡಗುಗಳು ಹಿಂದೂ ಮಹಾಸಾಗರಕ್ಕೆ ಮತ್ತೆ ಮತ್ತೆ ಬರುತ್ತಿವೆ. 2019ರ ಸೆಪ್ಟೆಂಬರ್‌ನಲ್ಲಿ ಶಿ ಯಾನ್ 1 ಎಂಬ ಹಡಗು ಪೋರ್ಟ್ ಬ್ಲೇರ್ ಹತ್ತಿರ ನಮ್ಮ ಆರ್ಥಿಕ ವಲಯದಲ್ಲಿ (ದಡದಿಂದ 200 ನಾಟಿಕಲ್ ಮೈಲಿವರೆಗಿನ ಸಮುದ್ರದಲ್ಲಿ) ಕಾಣಿಸಿಕೊಂಡಾಗ ನೌಕಾಪಡೆ ಅದನ್ನು ಹೊರಗೆ ಕಳಿಸಿತು. 2022ರ ಆಗಸ್ಟ್‌ನಲ್ಲಿ ಕ್ಷಿಪಣಿ, ಉಪಗ್ರಹಗಳ ಜಾಡು ಹಿಡಿಯುವ ಯುವಾನ್ ವಾಂಗ್ 5 ಭಾರತದ ಆಕ್ಷೇಪದ ನಡುವೆಯೇ ಶ್ರೀಲಂಕಾದ ಹಂಬನ್‌ತೋಟ ಬಂದರಿಗೆ ಬಂದು ನಿಂತಿತು. 2023ರ ಅಕ್ಟೋಬರ್‌ನಲ್ಲಿ ಶಿ ಯಾನ್ 6 ಕೊಲಂಬೋಗೆ ಬಂತು. ಒತ್ತಡ ಹೆಚ್ಚಾಗಿ, 2024ರಲ್ಲಿ ಒಂದು ವರ್ಷ ಯಾವ ವಿದೇಶಿ ಸಂಶೋಧನಾ ಹಡಗೂ ಬೇಡ ಅಂತ ಶ್ರೀಲಂಕಾ ಹೇಳಿತು. ಆ ಫೆಬ್ರವರಿಯಲ್ಲಿ ಶಿಯಾಂಗ್ ಯಾಂಗ್ ಹಾಂಗ್ 03 ಮಾಲ್ದೀವ್ಸ್‌ನ ಮಾಲೆಗೆ ಹೋಯಿತು. ತನ್ನ ನೀರಿನಲ್ಲಿ ಅದು ಸಂಶೋಧನೆ ಮಾಡುವುದಿಲ್ಲ ಎಂದು ಮಾಲ್ದೀವ್ಸ್ ಸರ್ಕಾರ ಹೇಳಿತು. ಇರಬಹುದು. ಆದರೆ ಅಲ್ಲಿಗೆ ಬರುವ ದಾರಿ ತುಂಬ ತೆರೆದ ಸಮುದ್ರವೇ ಇದೆ. ಅಲ್ಲಿ ಅಳೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಕಾನೂನಿನ ತೊಡಕು ಇಲ್ಲೇ ಇರುವುದು. ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್ ಒಳಗೆ ವೈಜ್ಞಾನಿಕ ಸಂಶೋಧನೆಗೆ ಆ ದೇಶದ ಒಪ್ಪಿಗೆ ಬೇಕು. ಅದರಾಚೆ ಯಾರೂ ಕೇಳುವಂತಿಲ್ಲ. ಕಡಲ ನೀರಿನ ಉಷ್ಣಾಂಶ ಮುಂಗಾರಿನ ಮುನ್ಸೂಚನೆಗೂ ಬೇಕು, ಮೀನುಗಾರಿಕೆಗೂ ಬೇಕು. ಅದೇ ಅಂಕಿ ಸಬ್‌ಮರೀನಿಗೂ ಬೇಕು. ಹಡಗಿನ ಮೇಲಿರುವ ವಿಜ್ಞಾನಿ ಸುಳ್ಳು ಹೇಳುತ್ತಿರಬೇಕೆಂದೇನೂ ಇಲ್ಲ. ಅವನು ನಿಜವಾಗಿಯೂ ಮುಂಗಾರನ್ನೇ ಓದುತ್ತಿರಬಹುದು. ಅವನ ಹಾರ್ಡ್ ಡಿಸ್ಕ್ ಊರಿಗೆ ಹೋದ ಮೇಲೆ ಅದನ್ನು ಇನ್ಯಾರು ಓದುತ್ತಾರೆ ಎಂಬುದು ಅವನ ಕೈಯಲ್ಲಿ ಇರುವುದಿಲ್ಲ.

ಕಾರವಾರದ ನೆಲೆಯಿಂದ ಹೊರಡುವ ಹಡಗಿಗೂ ಸಬ್‌ಮರೀನಿಗೂ ಅರಬ್ಬೀ ಸಮುದ್ರವೇ ಅಂಗಳ. ಆ ಅಂಗಳದ ದಕ್ಷಿಣದ ಬಾಗಿಲುಗಳಲ್ಲಿ ಒಂದು ಮಿನಿಕಾಯ್ ಮತ್ತು ಮಾಲ್ದೀವ್ಸ್ ನಡುವಿನ ಎಂಟು ಡಿಗ್ರಿ ಚಾನೆಲ್. ಶ್ರೀಲಂಕಾವನ್ನು ಸುತ್ತಿಕೊಂಡು ಪೂರ್ವದಿಂದ ಬರುವವರಿಗೆ ಇದು ಹತ್ತಿರದ ದಾರಿ. ಇದರ ತಳ, ಇದರ ಪದರ ಯಾರಿಗೆ ಚೆನ್ನಾಗಿ ಗೊತ್ತೋ ಅವರಿಗೆ ಅಡಗಲೂ ಸುಲಭ, ಹುಡುಕಲೂ ಸುಲಭ.

ಆದರೆ ನಾವು ಬರೀ ದೂರುವವರ ಜಾಗದಲ್ಲಿ ನಿಲ್ಲುವಂತಿಲ್ಲ. 2019ರಲ್ಲಿ ಭಾರತ ಮತ್ತು ಮಾಲ್ದೀವ್ಸ್ ಒಪ್ಪಂದ ಮಾಡಿಕೊಂಡು ನಮ್ಮ ನೌಕಾಪಡೆಯ ಹಡಗು ಅಲ್ಲಿನ ನೀರನ್ನು ಸರ್ವೆ ಮಾಡುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಮಾಲ್ದೀವ್ಸ್‌ನ ಹೊಸ ಸರ್ಕಾರ ಅದನ್ನು ಮುಂದುವರಿಸುವುದಿಲ್ಲ ಎಂದಿತು. ಅವರು ಕೊಟ್ಟ ಕಾರಣವೂ ಇದೇ. ನಮ್ಮ ಸಮುದ್ರದ ಮಾಹಿತಿ ನಮ್ಮ ಕೈಯಲ್ಲೇ ಇರಬೇಕು. ಚೀನಾದ ಮಾತೂ ಕೇಳಿ. 2009ರ ಮಾರ್ಚ್‌ನಲ್ಲಿ ಅಮೆರಿಕದ ಇಂಪೆಕಬಲ್ ಎಂಬ ಹಡಗು ಹೈನಾನ್ ದ್ವೀಪದ ದಕ್ಷಿಣಕ್ಕೆ ಸಬ್‌ಮರೀನ್‌ಗಳ ಸದ್ದು ಆಲಿಸುತ್ತಿತ್ತು. ಚೀನಾದ ದೋಣಿಗಳು ಅದನ್ನು ಸುತ್ತುವರಿದು ಅಡ್ಡಹಾಕಿದವು. ನಮ್ಮ ಆರ್ಥಿಕ ವಲಯದಲ್ಲಿ ಅಪ್ಪಣೆ ಇಲ್ಲದೆ ಈ ಕೆಲಸ ಮಾಡಬೇಡಿ ಎಂಬುದು ಆಗ ಚೀನಾದ ವಾದ. ಎತ್ತು ಯಾರದ್ದು ಎಂಬುದರ ಮೇಲೆ ಬೇಲಿಯ ನ್ಯಾಯ ಬದಲಾಗುತ್ತದೆ.

ಕಾಣದ ಇನ್ನೊಂದು ವಸ್ತು ಭೂಮಿಯ ಸೆಳೆತ. ಭೂಮಿ ಎಲ್ಲ ಕಡೆ ಒಂದೇ ಸಮ ಸೆಳೆಯುವುದಿಲ್ಲ. ಅಡಿಯಲ್ಲಿ ಗಟ್ಟಿ ಬಂಡೆ ಇದ್ದಲ್ಲಿ ಕೊಂಚ ಜಾಸ್ತಿ, ಹಗುರ ಇದ್ದಲ್ಲಿ ಕೊಂಚ ಕಡಿಮೆ. ಶ್ರೀಲಂಕಾದ ದಕ್ಷಿಣಕ್ಕೆ ಈ ಸೆಳೆತ ಎಷ್ಟು ಕಡಿಮೆ ಎಂದರೆ ಅಲ್ಲಿ ಸಮುದ್ರದ ಮೇಲ್ಮೈ 100 ಮೀಟರಿಗೂ ಹೆಚ್ಚು ತಗ್ಗಿದೆ. ಅದು ಯಾಕೆ ಹಾಗೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2023ರಲ್ಲಿ ಒಂದು ವಿವರಣೆ ಕೊಟ್ಟರು. ಜಿಪಿಎಸ್ ಇಲ್ಲದೆ ಹಾರುವ ಕ್ಷಿಪಣಿ, ಜಿಪಿಎಸ್ ಸಿಗದ ಆಳದಲ್ಲಿ ಸಾಗುವ ಸಬ್‌ಮರೀನ್, ಎರಡೂ ತಮ್ಮ ಜಾಗವನ್ನು ತಾವೇ ಲೆಕ್ಕ ಹಾಕಬೇಕು. ಸೆಳೆತದ ಏರಿಳಿತ ಗೊತ್ತಿಲ್ಲದಿದ್ದರೆ ಲೆಕ್ಕ ನಿಧಾನಕ್ಕೆ ತಪ್ಪುತ್ತಾ ಹೋಗುತ್ತದೆ. ಭಾರತದ ಈಗಿನ ನಿಯಮದಲ್ಲಿ 1 ಮಿಲಿಗ್ಯಾಲ್‌ಗಿಂತ ನಿಖರವಾದ ಸೆಳೆತದ ಅಳತೆಯನ್ನು ವಿದೇಶಿ ಕಂಪನಿ ತಾನೇ ಮಾಡುವಂತಿಲ್ಲ. ಮಿಲಿಗ್ಯಾಲ್ ಅಂದರೆ ಭೂಮಿಯ ಸೆಳೆತದ ಹೆಚ್ಚೂಕಡಿಮೆ ಹತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟು ಸಣ್ಣದಕ್ಕೂ ಕಾವಲಿದೆ.

ಈ ನಿಯಮ ಬಂದದ್ದು 2021ರ ಫೆಬ್ರವರಿಯಲ್ಲಿ. ಅಲ್ಲಿಯವರೆಗಿನ ದಾರಿ ಅಷ್ಟು ನೇರವಾಗಿರಲಿಲ್ಲ. 2011ರಲ್ಲಿ ಬೀದಿ ಬೀದಿಯ ಫೋಟೋ ತೆಗೆಯುವ ಗೂಗಲ್‌ನ ಸ್ಟ್ರೀಟ್ ವ್ಯೂ ಕಾರುಗಳು ಬೆಂಗಳೂರಿನ ಬೀದಿಗೆ ಇಳಿದು ಒಂದು ತಿಂಗಳು ಕಳೆಯುವುದರೊಳಗೆ ಪೊಲೀಸರು ನಿಲ್ಲಿಸಿದರು. 2013ರಲ್ಲಿ ಅದೇ ಕಂಪನಿ ಜನರಿಂದಲೇ ನಕ್ಷೆ ತುಂಬಿಸುವ ಸ್ಪರ್ಧೆ ಇಟ್ಟಾಗ ಸರ್ವೆ ಆಫ್ ಇಂಡಿಯಾ ಪೊಲೀಸರಿಗೆ ದೂರು ಕೊಟ್ಟಿತು. 2016ರಲ್ಲಂತೂ ಸರ್ಕಾರ ಒಂದು ಕರಡು ಮಸೂದೆ ತಂದಿತು. ಲೈಸೆನ್ಸ್ ಇಲ್ಲದೆ ನಕ್ಷೆಯ ಮಾಹಿತಿ ಸಂಗ್ರಹಿಸಿದರೆ 100 ಕೋಟಿ ರೂಪಾಯಿವರೆಗೆ ದಂಡ, 7 ವರ್ಷದವರೆಗೆ ಜೈಲು. ಮದುವೆ ಮನೆಗೆ ಲೊಕೇಶನ್ ಕಳಿಸುವವರೂ ಬೆಚ್ಚಿಬಿದ್ದರು. ಪುಣ್ಯಕ್ಕೆ ಅದು ಕಾನೂನಾಗಲಿಲ್ಲ.

2021ರದ್ದು ಮಾತ್ರ ತಲೆ ಉಪಯೋಗಿಸಿ ಮಾಡಿದ ನಿಯಮ. ಭಾರತೀಯ ಕಂಪನಿಗೆ ಯಾವ ಅಪ್ಪಣೆಯೂ ಬೇಡ, ಬೇಕಾದ್ದನ್ನು ಅಳೆಯಬಹುದು. ಅಡ್ಡಡ್ಡಕ್ಕೆ 1 ಮೀಟರ್, ಎತ್ತರದಲ್ಲಿ 3 ಮೀಟರ್ ಎಂಬ ಗೆರೆ ಎಳೆದರು. ಅದಕ್ಕಿಂತ ನಿಖರವಾದದ್ದನ್ನು ಭಾರತೀಯರು ಮಾತ್ರ ಸಂಗ್ರಹಿಸಬೇಕು, ಭಾರತದಲ್ಲೇ ಇಡಬೇಕು. ವಿದೇಶಿ ಕಂಪನಿ ಅವರಿಂದ ಪಡೆದು ಇಲ್ಲಿನ ಗಿರಾಕಿಗಳಿಗೆ ಸೇವೆ ಕೊಡಬಹುದು ಅಷ್ಟೇ. ಬೀದಿಯಲ್ಲಿ ಕ್ಯಾಮೆರಾ ಹೊತ್ತು ಓಡುವ ಸರ್ವೆ ಮತ್ತು ನಮ್ಮ ಕರಾವಳಿ ನೀರಿನ ಸರ್ವೆ ಎಷ್ಟೇ ಒರಟಾಗಿರಲಿ, ಅದು ಭಾರತೀಯರಿಗೆ ಮಾತ್ರ. ಹೀಗಾಗಿಯೇ 2022ರಲ್ಲಿ ಸ್ಟ್ರೀಟ್ ವ್ಯೂ ಮತ್ತೆ ಬಂದಾಗ ಬೀದಿ ಸುತ್ತಿದ್ದು ಭಾರತದ್ದೇ ಕಂಪನಿಗಳಾದ ಜೆನೆಸಿಸ್ ಮತ್ತು ಟೆಕ್ ಮಹೀಂದ್ರದವರು. ನೆಲದ ಮೇಲಿನಿಂದ, ನೀರಿನೊಳಗಿನಿಂದ ತೆಗೆಯುವ ಮಾಹಿತಿಯೇ ಬೇರೆ ತೂಕದ್ದು ಎಂದು ಸರ್ಕಾರ ಬಾಯಿಬಿಟ್ಟು ಒಪ್ಪಿಕೊಂಡದ್ದು ಇಲ್ಲೇ.

ಆದರೆ ಇದೊಂದು ಮಾರ್ಗಸೂಚಿ. ನಡೆಯುವುದು ಕಂಪನಿಗಳು ತಾವೇ ಕೊಡುವ ಪ್ರಮಾಣಪತ್ರದ ಮೇಲೆ. ಜೊತೆಗೆ ಇದು 'ಸರ್ವೆ' ಅಂತ ಹೇಳಿಕೊಂಡು ಬರುವವರನ್ನು ಗುರಿ ಇಟ್ಟು ಬರೆದದ್ದು. ಈಗ ನಕ್ಷೆ ಮಾಡುವವರು ಹಾಗೆ ಹೇಳಿಕೊಂಡು ಬರುವುದಿಲ್ಲ.

2017ರ ಕೊನೆಗೆ ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ತನ್ನ ಬಳಕೆದಾರರು ಓಡಿದ, ಸೈಕಲ್ ತುಳಿದ ನೂರು ಕೋಟಿ ದಾಖಲೆಗಳನ್ನು ಸೇರಿಸಿ ಒಂದು ಹೊಳೆಯುವ ನಕ್ಷೆ ಹಾಕಿತು. ಯಾರ ಹೆಸರೂ ಅದರಲ್ಲಿರಲಿಲ್ಲ. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ಕಾಲೇಜು ಹುಡುಗ ಗಮನಿಸಿದ. ಸಿರಿಯಾ, ಅಫ್ಘಾನಿಸ್ತಾನದ ಕತ್ತಲೆ ಮರಳುಗಾಡಿನ ನಡುವೆ ಪುಟ್ಟ ಪುಟ್ಟ ಬೆಳಕಿನ ಚೌಕಗಳು. ಸೇನಾ ನೆಲೆಯಲ್ಲಿ ಸೈನಿಕರು ಬೆಳಿಗ್ಗೆ ಓಡಿದ ಜಾಡು ಅದು. ನೆಲೆ ಎಲ್ಲಿದೆ ಎಂಬುದು ಉಪಗ್ರಹಕ್ಕೆ ಕಾಣುತ್ತದೆ. ಒಳಗೆ ಜನ ಯಾವ ದಾರಿಯಲ್ಲಿ ಓಡಾಡುತ್ತಾರೆ ಎಂಬುದನ್ನು ಅವರ ಕೈಗಡಿಯಾರವೇ ಹೇಳಿತು.

ಕಾರುಗಳದ್ದು ಇನ್ನೂ ದೊಡ್ಡ ಕಥೆ. ಹೊಸ ಕಾರಿನಲ್ಲಿ ಸುತ್ತಲೂ ಕ್ಯಾಮೆರಾ, ರೇಡಾರ್, ಕೆಲವದರಲ್ಲಿ ಲೇಸರಿನಿಂದ ಅಳೆಯುವ ಲೈಡಾರ್. ಓಡಿದಷ್ಟೂ ಬೀದಿಯ ಮೂರು ಆಯಾಮದ ನಕ್ಷೆ ತಯಾರಾಗುತ್ತದೆ. ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡ ದೇಶಗಳಲ್ಲಿ ಚೀನಾ ಒಂದು. 2021ರಲ್ಲಿ ಟೆಸ್ಲಾ ಕಾರುಗಳು ಸೇನೆಯ ಆವರಣಕ್ಕೆ ಬರಬಾರದು ಎಂದು ತಡೆಯಿತು. 2024ರಲ್ಲಿ ವಿದೇಶಿ ಕಂಪನಿಯೊಂದು ಸ್ವಯಂಚಾಲಿತ ಕಾರಿನ ಪ್ರಯೋಗದ ನೆಪದಲ್ಲಿ ದೇಶದ ಸರ್ವೆ ಮಾಡಿದೆ ಎಂದು ಹೆಸರು ಹೇಳದೆ ದೂರಿತು. ಚೀನಾದ ಅಧಿಕೃತ ನಕ್ಷೆಗಳೇ ಬೇಕೆಂದು ಕೆಲವು ನೂರು ಮೀಟರ್ ಅತ್ತಿತ್ತ ಸರಿಸಿದವು, ಜಿಪಿಎಸ್ ಜೊತೆ ಕೂಡುವುದಿಲ್ಲ. ಇತ್ತ ಅಮೆರಿಕ 2025ರ ಜನವರಿಯಲ್ಲಿ ಚೀನಾ ನಂಟಿರುವ ಕಾರು ಸಾಫ್ಟ್‌ವೇರನ್ನು 2027ರ ಮಾಡೆಲ್‌ಗಳಿಂದ ಹೊರಗಿಡುವ ನಿಯಮ ಮಾಡಿತು. ಬಿಡಿಭಾಗಗಳಿಗೆ 2030ರವರೆಗೆ ಸಮಯ. ಇಬ್ಬರೂ ಒಬ್ಬರನ್ನೊಬ್ಬರು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ ಅಲ್ವಾ?

ನಮ್ಮಲ್ಲಿ 2020ರ ಜೂನ್‌ನಲ್ಲಿ ಚೀನಾದ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಬೈಡು ಮ್ಯಾಪ್ ಕೂಡ ಇತ್ತು. 2022ರ ಫೆಬ್ರವರಿಯಲ್ಲಿ ವಿದೇಶಿ ಡ್ರೋನ್ ಆಮದು ನಿಲ್ಲಿಸಿದರು. ಬಿಡಿಭಾಗಗಳ ಆಮದಿಗೆ ಮಾತ್ರ ತಡೆ ಇಲ್ಲ.

ಬಿಡಿಭಾಗದ ಮಾತು ಬಂದಾಗೆಲ್ಲ ನನಗೆ ಸ್ವಾಮಿತ್ವ ಯೋಜನೆ ನೆನಪಾಗುತ್ತದೆ. 2020ರಲ್ಲಿ ಶುರುವಾದ ಈ ಯೋಜನೆಯಲ್ಲಿ ಕರ್ನಾಟಕ ಮೊದಲ ಹಂತದಿಂದಲೇ ಇದೆ. ಹಳ್ಳಿಯ ಮನೆ, ಹಿತ್ತಿಲುಗಳ ಅಂಚಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ಮೇಲೆ ಡ್ರೋನ್ ಹಾರಿ ಫೋಟೋ ತೆಗೆಯುತ್ತದೆ. ಸೆಂಟಿಮೀಟರ್ ಲೆಕ್ಕದ ನಕ್ಷೆ ಸಿದ್ಧವಾಗುತ್ತದೆ, ಜನರಿಗೆ ಆಸ್ತಿಯ ಕಾರ್ಡ್ ಸಿಗುತ್ತದೆ. ಒಳ್ಳೆಯ ಕೆಲಸ. ಮೋಜಣಿಗೆ ವರ್ಷಗಟ್ಟಲೆ ಕಾದವರಿಗೆ ಇದರ ಬೆಲೆ ಗೊತ್ತು. ಹಿಂದೆಂದೂ ಇಷ್ಟು ವಿವರವಾಗಿ ನಮ್ಮ ಹಳ್ಳಿಗಳನ್ನು ಯಾರೂ ಅಳೆದಿರಲಿಲ್ಲ, ಬುಕಾನನ್ ಕೂಡ. ಸುಣ್ಣದ ಗೆರೆ ಒಂದು ಗೇಣು ಆಚೆ ಹೋಯಿತು ಅಂತ ಅಣ್ಣ ತಮ್ಮಂದಿರು ಜಗಳ ಆಡುತ್ತಾರೆ. ತಲೆಯ ಮೇಲೆ ಗುಂಯ್‌ಗುಡುವ ಯಂತ್ರದ ಕ್ಯಾಮೆರಾ ಯಾರದ್ದು, ಚಿಪ್ ಯಾವ ದೇಶದ್ದು, ತೆಗೆದ ಫೋಟೋ ಎಲ್ಲೆಲ್ಲಿ ಉಳಿಯುತ್ತದೆ ಅಂತ ಕೇಳುವವರು ಆ ಗುಂಪಿನಲ್ಲಿ ಇರುವುದಿಲ್ಲ. ಅದನ್ನು ಕೇಳುವ ಕೆಲಸ ಅವರದ್ದೂ ಅಲ್ಲ. ಟೆಂಡರ್ ಬರೆಯುವ ಅಧಿಕಾರಿಯದ್ದು.